ಇಸ್ತ್ರಿ ಪಕ್ಕದ ಇಪ್ಪತ್ತಾರು ಡಿಗ್ರಿ

ನಮ್ಮ ಅತ್ತೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಾಳೆ. ತುಟಿಯ ಎಡಗಡೆಯಲ್ಲಿ ಸೂಜಿ, ಬಲಗಡೆಯಲ್ಲಿ ಮಾತು. ಎರಡೂ ಚುಚ್ಚುತ್ತವೆ. ಗಿರಾಕಿಗಳು ಬೆನ್ನ ಹಿಂದೆ ಅವಳನ್ನು 'ಸೂಜಿಬಾಯಿ' ಅನ್ನುತ್ತಾರೆ. ಅವಳ ಅಪ್ಪ, ಅಂದರೆ ನಮ್ಮ ತಾತ, ಮುಖದ ಮೇಲೇ ಅನ್ನುತ್ತಾನೆ. ಸೂಜಿಗಳನ್ನು ಅವಳು ಬಾಯಿಂದ ತೆಗೆಯುವುದು ಊಟಕ್ಕೆ, ನಿದ್ದೆಗೆ, ಇಲ್ಲವೇ ವಿಷಯ ನಿಜವಾಗಿಯೂ ಗಂಭೀರವಾದಾಗ. ಈ ಕೊನೆಯ ಕಾರಣಕ್ಕೆ ತೆಗೆದದ್ದನ್ನು ನಾನು ನೋಡಿರುವುದು ಬಹಳ ಕಡಿಮೆ.

ಮೊದಲು ಅವಳು ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿಯ ಸೂಪರ್‌ವೈಸರ್ ಒಂದು ದಿನ, "ನರ್ಸುಗಳ ಕಾಲರನ್ನ ಇಸ್ತ್ರಿ ಮಾಡದೇನೇ ಹೊಲಿದು ಕಳಿಸಿ, ಬೇಗ ಮುಗಿಯುತ್ತೆ" ಎಂದನಂತೆ. ಅತ್ತೆ ಹಾಗೆಯೇ ಒಂದು ಕಾಲರ್ ಹೊಲಿದು, ಅದನ್ನು ಅವನ ಕೊರಳಿಗೇ ಸುತ್ತಿ, ಗುಂಡುಸೂಜಿ ಚುಚ್ಚಿ, "ಹೋಗಿ ಕನ್ನಡಿ ನೋಡ್ಕೊಳ್ಳಿ ಸಾರ್" ಅಂದಳಂತೆ. ಮಾರನೆಯ ದಿನದಿಂದ ನಮ್ಮ ಮನೆಯ ಮುಂದಿನ ಕೋಣೆ ಅವಳ ಅಂಗಡಿಯಾಯಿತು. ಒಂದು ಹೊಲಿಗೆ ಬಿದ್ದ ಕೂಡಲೇ ಅದರ ಮೇಲೆ ಇಸ್ತ್ರಿ ಓಡಬೇಕು, ಆಮೇಲೆ ಮುಂದಿನ ಹೊಲಿಗೆ. ಇದರಲ್ಲಿ ಅವಳಿಗೆ ರಾಜಿ ಇಲ್ಲ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೂ ಅವಳ ಉತ್ತರ ಅದೇ ಧಾಟಿಯದು: "ಬಂದೋರೆಲ್ಲ ಸುಕ್ಕು. ಇಸ್ತ್ರಿ ಮಾಡ್ತಾ ಕೂರೋಕೆ ನನಗೆ ಪುರುಸೊತ್ತಿರ್ಲಿಲ್ಲ."

ತಾತನ ಕೋಣೆ ಮನೆಯ ಹಿಂಭಾಗದಲ್ಲಿದೆ. ಆ ಕಿಟಕಿಯ ಕಡೆಗೆ ಬಿಸಿಲು ತಪ್ಪಿಯೂ ತಲೆ ಹಾಕುವುದಿಲ್ಲ. ದುಡಿಯುವ ವಯಸ್ಸಿನಲ್ಲೆಲ್ಲ ಅವನು ಮೀನು ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಪೆಟ್ಟಿಗೆ ಎತ್ತಿದವನು. ಈಗ ಬಾಗಿಲ ಸಂದಿಯಿಂದ ಗಾಳಿ ಬಂದರೂ ಕೋಟು ಹುಡುಕುತ್ತಾನೆ.

"ಆಯುಸ್ಸೆಲ್ಲ ಮೀನಿನ ಜೊತೆ ಐಸಿನ ಮಧ್ಯೆ ಇದ್ದೋನಿಗೆ ಈಗ ಚಳಿಯಂತೆ!" ಎಂದು ಅತ್ತೆ ಆಡಿಕೊಂಡರೆ, ತಾತನ ಉತ್ತರ ಸಿದ್ಧವಾಗಿರುತ್ತದೆ: "ನನ್ನ ಪಾಲಿನ ಚಳಿ ಎಲ್ಲಾ ಅಲ್ಲೇ ಮುಗಿಸಿ ಬಂದಿದೀನಿ ಕಣೇ. ಇನ್ನು ನಿನ್ನ ಪಾಲಿಂದೂ ನಾನೇ ಅನುಭವಿಸಬೇಕಾ?"

ನಮ್ಮಲ್ಲಿ ಚಳಿಗಾಲವೆಂದರೆ ಉಸಿರು ಬಿಟ್ಟರೆ ಬಾಯಿಂದ ಹೊಗೆ ಕಾಣುವ ಚಳಿ. ಅಡುಗೆಮನೆಯ ಮೂಲೆಯಲ್ಲಿ ಬಾಯ್ಲರ್ ಇದೆ. ಅದು ಕಾಯಿಸಿದ ನೀರು ಪೈಪುಗಳಲ್ಲಿ ಹರಿದು, ಪ್ರತಿ ಕೋಣೆಯ ಗೋಡೆಗೆ ಕೂರಿಸಿರುವ ಕಬ್ಬಿಣದ ರೇಡಿಯೇಟರನ್ನು ಬಿಸಿ ಮಾಡುತ್ತದೆ. ಬಾಯ್ಲರ್ ಯಾವಾಗ ಉರಿಯಬೇಕು, ಯಾವಾಗ ಆರಬೇಕು ಎಂದು ಹೇಳುವುದು ಥರ್ಮೋಸ್ಟಾಟ್. ನಮ್ಮ ಹಳೆಯ ಥರ್ಮೋಸ್ಟಾಟ್ ನಡುಮನೆಯ ಗೋಡೆಯ ಮೇಲಿದ್ದ ಒಂದು ಗುಂಡನೆಯ ತಿರುಗುಗುಂಡಿ. ಅದರ ಪಕ್ಕದಲ್ಲಿ ಅತ್ತೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಿದ್ದಳು. ಗುಂಡಿಯ ಮುಳ್ಳು ಆ ಗೆರೆ ದಾಟಬಾರದು. ತಾತ ಆ ಗೆರೆಯನ್ನು ಹೆಬ್ಬೆರಳಿನಿಂದ ಒರೆಸಿ, ಸ್ವಲ್ಪ ಮೇಲೆ ಇನ್ನೊಂದು ಗೆರೆ ಎಳೆಯುತ್ತಿದ್ದ. ಅತ್ತೆ ಬಂದು ಅದನ್ನು ಒರೆಸುತ್ತಿದ್ದಳು. ಚಳಿಗಾಲ ಮುಗಿಯುವ ಹೊತ್ತಿಗೆ ಆ ಜಾಗದ ಗೋಡೆಗೆ ಬೇರೆಯೇ ಬಣ್ಣ ಬಂದಿರುತ್ತಿತ್ತು. ನಮ್ಮ ಅಪ್ಪ ಅಮ್ಮ ಈ ಜಗಳದಲ್ಲಿ ಯಾವ ಕಡೆಗೂ ಸೇರಿದವರಲ್ಲ. ಎರಡೆರಡು ಸ್ವೆಟರ್ ಹಾಕಿಕೊಂಡು ಬಾಯಿ ಮುಚ್ಚಿಕೊಂಡಿರುವವರು.

ಈ ಸಲದ ಚಳಿಗಾಲದ ಮೊದಲಲ್ಲೇ ಆ ಗುಂಡಿ ಕಿತ್ತು ತಾತನ ಕೈಗೆ ಬಂತು.

"ಏನಪ್ಪಾ ಇದು? ಕೀಳೋಕೆ ಅದೇನು ಗಿಡದಲ್ಲಿರೋ ಕಾಯಾ?"

"ನಾನು ಸುಮ್ನೆ ಮುಟ್ಟಿದೆ. ಅದೇ ಬಂತು ನನ್ನ ಹಿಂದೆ. ನಿನ್ನ ಕಾಟ ಅದಕ್ಕೂ ಸಾಕಾಗಿತ್ತು ಅಂತ ಕಾಣುತ್ತೆ."

ಗುಂಡಿ ಹೋದ ಮೇಲೆ ಬಾಯ್ಲರ್ ಮನಸ್ಸು ಬಂದಾಗ ಉರಿಯಿತು, ಬೇಡವಾದಾಗ ಸುಮ್ಮನಾಯಿತು. ತಾತ ಕೋಟು ಹಾಕಿಕೊಂಡು, ಮೇಲೆ ಕಂಬಳಿ ಹೊದ್ದು, ಮುಂದಿನ ಕೋಣೆಯ ಬಾಗಿಲಲ್ಲಿ ನಿಂತ.

"ಭಾನುವಾರ ನಿನ್ನ ತಂಗಿ ಕಾರು ತಗೊಂಡು ಬರ್ತಾಳೆ. ಅಷ್ಟರಲ್ಲಿ ನನ್ನ ಕೋಣೆ ಬೆಚ್ಚಗಾಗ್ಲಿಲ್ಲ ಅಂದ್ರೆ ಅವಳ ಜೊತೆ ಹೋಗಿಬಿಡ್ತೀನಿ. ಅವಳ ಮನೇಲಿ ನೆಲವೇ ಬಿಸಿಯಂತೆ. ಬರಿಗಾಲಲ್ಲಿ ಓಡಾಡ್ತಾರಂತೆ."

ಚಿಕ್ಕತ್ತೆಯ ಮನೆ ದೊಡ್ಡ ಕಟ್ಟಡದ ಎಂಟನೆಯ ಮಹಡಿಯಲ್ಲಿದೆ. ಅಲ್ಲಿ ಎಲ್ಲವೂ ತಾನಾಗಿಯೇ ನಡೆಯುತ್ತದೆ.

"ಹೋಗು, ಯಾರು ಬೇಡ ಅಂದ್ರು?" ಅಂದಳು ಅತ್ತೆ. ತಲೆ ಕೂಡ ಎತ್ತಲಿಲ್ಲ. ಆದರೆ ಆಗ ಅವಳು ಹೊಲಿಯುತ್ತಿದ್ದ ಹೆಂಗಸರ ಕೋಟಿನ ಎಡತೋಳನ್ನು ಬಲಗಡೆಗೆ ಕೂರಿಸಿಬಿಟ್ಟಿದ್ದಳು. ಮರುದಿನ ಅದನ್ನು ಬಿಚ್ಚುವಾಗ ನಾನು ನೋಡಿದೆ. ಅತ್ತೆ ತೋಳು ಬಿಚ್ಚಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅತ್ತೆಯ ಹೊಲಿಗೆ ಕೋಣೆಯಲ್ಲಿ ತಾತ ಮಾಡುವ ಕೆಲಸ ಒಂದೇ. ಮಧ್ಯಾಹ್ನ ಒಂದು ಅಯಸ್ಕಾಂತಕ್ಕೆ ದಾರ ಕಟ್ಟಿ ನೆಲದ ಮೇಲೆ ಎಳೆದುಕೊಂಡು ಹೋಗಿ, ಬಿದ್ದ ಗುಂಡುಸೂಜಿಗಳನ್ನೆಲ್ಲ ಆರಿಸುತ್ತಾನೆ. ಆರಿಸುವಾಗ ಅತ್ತೆ ಅವನನ್ನು ಬೈಯುತ್ತಾಳೆ, ಅವನು ಅವಳನ್ನು ಬೈಯುತ್ತಾನೆ. ಸೂಜಿ ಆರಿಸಲು ಬೇರೆ ಯಾರಾದರೂ ಸಿಗಬಹುದು. ಅಷ್ಟು ಚೆನ್ನಾಗಿ ಬೈಸಿಕೊಳ್ಳುವವರು ಸಿಗುವುದಿಲ್ಲ.

ಮರುದಿನವೇ ಅತ್ತೆ ಅಂಗಡಿಗೆ ಹೋಗಿ ಒಂದು ವೈರ್‌ಲೆಸ್ ಸ್ಮಾರ್ಟ್ ಥರ್ಮೋಸ್ಟಾಟ್ ತಂದಳು. ಅದರಲ್ಲಿ ಎರಡು ಡಬ್ಬಿಗಳಿದ್ದವು. ಒಂದನ್ನು ಬಾಯ್ಲರಿನ ಪಕ್ಕದಲ್ಲಿ ಕೂರಿಸಿ ವೈರು ಕೊಡಬೇಕು. ಇನ್ನೊಂದು ಬ್ಯಾಟರಿಯಿಂದ ನಡೆಯುವ ಚಿಕ್ಕ ಡಬ್ಬಿ. ಅದರ ಮುಖದ ಮೇಲೆ ಸಂಖ್ಯೆ ಕಾಣುತ್ತದೆ. ಎಷ್ಟು ಬಿಸಿ ಬೇಕೋ ಅದರಲ್ಲೇ ಒತ್ತಬಹುದು, ಫೋನಿನಲ್ಲಿಯೂ ಒತ್ತಬಹುದು. ಗಾಳಿ ತಣ್ಣಗಾದರೆ ಈ ಚಿಕ್ಕದು ಬಾಯ್ಲರ್ ಪಕ್ಕದ ಡಬ್ಬಿಗೆ ಹೇಳುತ್ತದೆ, ಅದು ಬಾಯ್ಲರನ್ನು ಎಬ್ಬಿಸುತ್ತದೆ.

ಬಾಯ್ಲರ್ ರಿಪೇರಿಯವನು ಕಿವಿಗೆ ಫೋನು ಸಿಕ್ಕಿಸಿಕೊಂಡೇ ಒಳಗೆ ಬಂದ. ಮೇನ್ ಸ್ವಿಚ್ ಆರಿಸಿದ, ಹಳೆಯ ಗುಂಡಿಯ ವೈರು ಬಿಡಿಸಿದ, ಅಡುಗೆಮನೆಯ ಗೋಡೆಗೆ ದೊಡ್ಡ ಡಬ್ಬಿ ಕೂರಿಸಿ ವೈರು ಕೊಟ್ಟ. ಮೇನ್ ಹಾಕಿದಾಗ ಅದರಲ್ಲಿ ಹಸಿರು ದೀಪ ಹೊತ್ತಿತು. ಇಷ್ಟನ್ನೂ ಅವನು ಫೋನಿನಲ್ಲಿ ಯಾರಿಗೋ ದಾರಿ ಹೇಳುತ್ತಲೇ ಮಾಡಿದ.

"ಈ ಚಿಕ್ಕದನ್ನ ಎಲ್ಲಿಡಬೇಕು?" ಅತ್ತೆ ಕೇಳಿದಳು.

"ಎಲ್ಲಿ ಬೇಕಾದ್ರೂ ಇಡಿ ಅಕ್ಕಾ. ವೈರೇ ಇಲ್ವಲ್ಲ! ಬೇಕಾದ್ರೆ ದಿಂಬಿನ ಕೆಳಗಿಟ್ಕೊಂಡು ಮಲ್ಕೊಳ್ಳಿ." ಮತ್ತೆ ಫೋನಿಗೆ, "ನಿನಗಲ್ಲ ಮಾರಾಯ, ನೀನು ಎಡಕ್ಕೆ ತಿರುಗು" ಎಂದು ಹೊರಟುಹೋದ.

ಉಳಿದದ್ದು ಅತ್ತೆಯ ಪಾಲಿನ ಕೆಲಸ. ಡಬ್ಬಿಯ ಜೊತೆ ಬಂದಿದ್ದ ಕಾಗದ ಎಷ್ಟೋ ಮಡಿಕೆಯಾಗಿತ್ತು. ಮಡಿಕೆ ಇರುವುದನ್ನು ಅವಳು ಓದುವವಳಲ್ಲ. ಮೊದಲು ಅದಕ್ಕೆ ಇಸ್ತ್ರಿ ಹಾಕಿದಳು. ಆಮೇಲೆ ಅದನ್ನು ಗೋಡೆಯ ಹಲಗೆಗೆ ಗುಂಡುಸೂಜಿಯಿಂದ ಚುಚ್ಚಿ, ಬಟ್ಟೆ ಕತ್ತರಿಸುವ ಮೊದಲು ನಮೂನೆ ನೋಡುವ ಹಾಗೆ ಚಿತ್ರ ನೋಡಿಕೊಂಡು ಒಂದೊಂದೇ ಮಾಡಿದಳು. ಬ್ಯಾಟರಿ ಹಾಕಿದಳು. ಎರಡು ಡಬ್ಬಿಗಳ ಬಟನ್ನುಗಳನ್ನೂ ದೀಪ ಮಿನುಗುವ ತನಕ ಒತ್ತಿ ಹಿಡಿದು ಒಂದಕ್ಕೊಂದು ಪರಿಚಯ ಮಾಡಿಸಿದಳು. ಫೋನಿನಲ್ಲಿ ವೈಫೈ ಪಾಸ್‌ವರ್ಡ್ ಒತ್ತಿದಳು. ಕೊನೆಗೆ ಆ ಫೋನು, ಈ ಮನೆಗೆ ಒಂದು ಹೆಸರು ಕೊಡಿ ಎಂದಿತು. ಅತ್ತೆ 'ನಂದು' ಎಂದು ಒತ್ತಿದಳು.

ತಾತ ಅವಳ ಹೆಗಲ ಮೇಲಿಂದ ಇಣುಕಿದ. "ನನ್ನದು ಅಂತ ಎಲ್ಲೂ ಇಲ್ವಾ ಅದರಲ್ಲಿ?"

"ಹೋಗೋರ ಹೆಸರು ಯಾಕೆ ಬರೀಲಿ?"

ತಾತ ಅಯಸ್ಕಾಂತ ಎಳೆದುಕೊಂಡು ಹೋದ.

ಆ ಡಬ್ಬಿ ಯಾರ ಕೈಗೂ ಸಿಗಬಾರದು, ಸದಾ ತನ್ನ ಕಣ್ಣೆದುರಿಗೇ ಇರಬೇಕು ಎಂಬುದು ಅತ್ತೆಯ ಲೆಕ್ಕ. ಆದ್ದರಿಂದ ಅದನ್ನು ಇಸ್ತ್ರಿ ಮೇಜಿನ ಮೇಲ್ಗಡೆಯ ಕಪಾಟಿನಲ್ಲಿ, ನೂಲುಂಡೆಗಳ ಪಕ್ಕ ಇಟ್ಟಳು. ಇಪ್ಪತ್ತೊಂದು ಡಿಗ್ರಿಗೆ ಇಟ್ಟಳು. ಮಲಗುವ ಹೊತ್ತಿಗೆ ಬಾಯ್ಲರೂ ಮಲಗಲಿ ಎಂದು ಫೋನಿನಲ್ಲಿ ಅದಕ್ಕೂ ವೇಳೆ ಗೊತ್ತುಮಾಡಿದಳು. ಆ ವಾರ ಒಂದು ಹೋಟೆಲಿನ ಸಪ್ಲೈಯರುಗಳಿಗೆಲ್ಲ ತೋಳಿಲ್ಲದ ಕೋಟುಗಳನ್ನು ಹೊಲಿದು ಕೊಡಬೇಕಿತ್ತು. ಏಳುವಾಗ ಕಾಯಿಸಿದ ಇಸ್ತ್ರಿಪೆಟ್ಟಿಗೆ ಮಲಗುವಾಗಲೇ ಆರುತ್ತಿತ್ತು.

ಡಬ್ಬಿಯ ಮೇಲಿನ ಸಂಖ್ಯೆ ಏರುತ್ತಾ ಹೋಯಿತು. ಇಪ್ಪತ್ತೊಂದು, ಇಪ್ಪತ್ತಮೂರು, ಇಪ್ಪತ್ತಾರು.

"ನೋಡಪ್ಪಾ!" ಎಂದು ಅತ್ತೆ ಫೋನು ಹಿಡಿದುಕೊಂಡು ಹಿಂದಿನ ಕೋಣೆಗೇ ಹೋದಳು. "ನಾನು ಕೇಳಿದ್ದು ಇಪ್ಪತ್ತೊಂದು. ಇದು ಇಪ್ಪತ್ತಾರು ಕೊಟ್ಟಿದೆ. ಕೇಳಿದ್ದಕ್ಕಿಂತ ಜಾಸ್ತಿ ಕೊಡೋದು ಈ ಮನೇಲಿ ಇದೊಂದೇ."

ತಾತ ಮಂಚದ ಮೇಲೆ ಕಂಬಳಿಯೊಳಗಿದ್ದ. ಮೂಗಿನ ತುದಿ ಮಾತ್ರ ಹೊರಗಿತ್ತು. "ಬಿಸಿ ನಿನ್ನ ಫೋನಿಗೆ ಬಂದಿದೆ. ನನಗೆ ಬಂದಿಲ್ಲ."

"ಸಂಖ್ಯೆ ಸುಳ್ಳು ಹೇಳುತ್ತಾ?"

ತಾತ ಕಂಬಳಿಯಿಂದ ಒಂದು ಕೈ ಹೊರಗೆ ಹಾಕಿ, ಕಿಟಕಿಯ ಮೇಲಿದ್ದ ಕೊಬ್ಬರಿ ಎಣ್ಣೆಯ ಬಾಟಲಿ ಎತ್ತಿಕೊಂಡ. ಮುಚ್ಚಳ ತೆಗೆದು, ಬಾಟಲಿಯನ್ನು ತಲೆಕೆಳಗು ಮಾಡಿ, ಅತ್ತೆಯ ಅಂಗೈ ಮೇಲೆ ಹಿಡಿದ. ಒಂದು ಹನಿಯೂ ಬೀಳಲಿಲ್ಲ. ಎಣ್ಣೆ ಮೇಣದ ಹಾಗೆ ಗಟ್ಟಿಯಾಗಿ ಕೂತಿತ್ತು.

"ಇಪ್ಪತ್ತಾರರಲ್ಲಿ ಇದು ನೀರಾಗಿರಬೇಕಿತ್ತು. ಹೆಪ್ಪುಗಟ್ಟೋ ವಿಷಯ ನನಗೆ ಹೇಳಿಕೊಡಬೇಡ ಕಣೇ ಸೂಜಿಬಾಯಿ."

"ಹಳೇ ಎಣ್ಣೆ ಇರಬೇಕು."

"ಹಳಬ ನಾನು. ಎಣ್ಣೆ ಹೊಸದು."

ಅತ್ತೆ ರೇಡಿಯೇಟರ್ ಮುಟ್ಟಿ ನೋಡಿದಳು. ತಣ್ಣಗಿತ್ತು. ಮನೆ ಬೆಚ್ಚಗಿದ್ದರೆ ಬಾಯ್ಲರ್ ಆರುತ್ತದೆ, ಬಾಯ್ಲರ್ ಆರಿದರೆ ಇದೂ ತಣ್ಣಗಿರುತ್ತದೆ ಎಂದು ಅವಳೇ ವಾದ ಮಾಡಿದಳು. ವಾದದಲ್ಲಿ ತಪ್ಪೇನೂ ಇರಲಿಲ್ಲ. ಚಳಿ ಮಾತ್ರ ಅದನ್ನು ಕೇಳಿಸಿಕೊಳ್ಳಲಿಲ್ಲ.

ಆಮೇಲಿನ ದಿನಗಳಲ್ಲಿ ಹೀಗೇ ನಡೆಯಿತು. ಅತ್ತೆ ಸಂಖ್ಯೆ ತೋರಿಸುವುದು, ತಾತ ಬಾಟಲಿ ತೋರಿಸುವುದು. ಅತ್ತೆಯ ಕೋಣೆಯಲ್ಲಂತೂ ನಿಜವಾಗಿಯೂ ಬೆಚ್ಚಗಿತ್ತು. ಸೆಕೆ ತಾಳಲಾರದೆ ಅವಳು ಕಿಟಕಿಯನ್ನು ಒಂದು ಗೇಣು ತೆಗೆದಿಟ್ಟಿದ್ದಳು. ಆದ್ದರಿಂದ ಅವಳಿಗೆ ಒಂದೇ ಅರ್ಥ ಹೊಳೆಯಿತು. ಶುಕ್ರವಾರ ತಾತ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಾಗ ಅವಳು ಬಾಗಿಲಲ್ಲಿ ನಿಂತು ಅದನ್ನು ಹೇಳಿಯೂ ಬಿಟ್ಟಳು.

"ನಿನಗೆ ಹೋಗಬೇಕು ಅಂತಿದೆ. ಚಳಿ ಒಂದು ನೆಪ. ನೇರವಾಗಿ ಹೇಳಿ ಹೋಗೋಕೆ ಏನು ಕಷ್ಟ?"

ತಾತ ಮಡಿಸುತ್ತಿದ್ದ ಅಂಗಿಯನ್ನು ಹಾಗೆಯೇ ಹಿಡಿದುಕೊಂಡ. "ನಾನು ಚಳಿ ಅಂತಿದೀನಿ. ನೀನು ಸುಳ್ಳು ಅಂತಿದೀಯ. ಇನ್ನು ಇಲ್ಲಿ ಇದ್ದೇನು ಮಾಡಲಿ?"

ಆ ಅಂಗಿ ಅವಳೇ ಹೊಲಿದದ್ದು. ಅವನು ಮಡಿಸಿದ ರೀತಿ ನೋಡಲಾರದೆ ಕಿತ್ತುಕೊಂಡು, ತಾನೇ ಸರಿಯಾಗಿ ಮಡಿಸಿ, ಬ್ಯಾಗಿನೊಳಗೆ ತುರುಕಿ ಹೋದಳು.

ಶನಿವಾರ ಮಧ್ಯಾಹ್ನ ಸಪ್ಲೈಯರುಗಳ ಕೋಟುಗಳ ಹೊಲಿಗೆ ಮುಗಿಯಿತು. ಕೊನೆಯ ಕೋಟಿಗೆ ಇಸ್ತ್ರಿ ಆಯಿತು. ಎಲ್ಲಕ್ಕೂ ಬಟನ್ ಹಚ್ಚುವುದೊಂದೇ ಬಾಕಿ. ಬಟನ್ ಹಚ್ಚಲು ಇಸ್ತ್ರಿ ಬೇಡವಾದ್ದರಿಂದ ಅತ್ತೆ ಪ್ಲಗ್ ಕಿತ್ತಳು. ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಒಂದು ಕೋಟು ಮುಗಿಸಿ ಇನ್ನೊಂದನ್ನು ಎತ್ತಿಕೊಂಡಾಗ ಕಪಾಟಿನ ಕಡೆ ಕಣ್ಣು ಹೋಯಿತು. ಇಪ್ಪತ್ತಮೂರು. ಇನ್ನೂ ಎರಡು ಕೋಟು ಆದ ಮೇಲೆ, ಇಪ್ಪತ್ತೊಂದು. ಅವಳಿಗೇ ಮೈ ಜುಂ ಎನ್ನತೊಡಗಿತು. ಎದ್ದು ಕಿಟಕಿ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಟಕ್ ಎಂದು ಸದ್ದಾಯಿತು. ಬಾಯ್ಲರ್ ಭುಸ್ಸೆಂದು ಹೊತ್ತಿಕೊಂಡಿತು. ಪೈಪುಗಳು ಮನೆಯುದ್ದಕ್ಕೂ ಕಟಕಟ ಎಂದವು. ಆ ವಾರದಲ್ಲಿ ಅವು ಹಗಲಿನಲ್ಲಿ ಸದ್ದು ಮಾಡಿದ್ದೇ ಇಲ್ಲ.

ಒಂದು ಕೋಟಿನ ಅಂಚು ಸೊಟ್ಟಗಿತ್ತು. ಅತ್ತೆ ಮತ್ತೆ ಇಸ್ತ್ರಿ ಕಾಯಿಸಿದಳು. ಅಂಚಿನ ಮೇಲೆ ಒತ್ತಿದಳು. ಹಬೆ ಎದ್ದು ನೇರವಾಗಿ ಮೇಲಿನ ಕಪಾಟಿಗೆ ಹೋಯಿತು. ಸಂಖ್ಯೆ ಏರಿತು. ಅಡುಗೆಮನೆಯಲ್ಲಿ ಮತ್ತೆ ಟಕ್ ಎಂದಿತು. ಬಾಯ್ಲರ್ ಸುಮ್ಮನಾಯಿತು.

ಅತ್ತೆ ಇಸ್ತ್ರಿಪೆಟ್ಟಿಗೆಯನ್ನು ನೋಡಿದಳು. ಡಬ್ಬಿಯನ್ನು ನೋಡಿದಳು. ಮತ್ತೆ ಇಸ್ತ್ರಿಪೆಟ್ಟಿಗೆಯನ್ನು ನೋಡಿದಳು. ಆಮೇಲೆ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು.

ತಪ್ಪು ತಿಳಿಯಿತು. ತಿಳಿದದ್ದನ್ನು ಒಪ್ಪಿಕೊಳ್ಳುವ ಅಭ್ಯಾಸ ಮಾತ್ರ ಇರಲಿಲ್ಲ. ಡಬ್ಬಿಯನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ಹೋಗಿ ತಾತನ ಮಡಿಲಿಗೆ ಹಾಕಿದಳು.

"ಇದನ್ನ ನೀನೇ ಇಟ್ಕೋ. ನನ್ನ ಕಪಾಟಲ್ಲಿ ಜಾಗ ಸಾಲ್ತಿಲ್ಲ."

"ನನಗಾ?"

"ಮತ್ಯಾರಿಗೆ, ಗೋಡೆಗಾ?"

ಅವಳು ಬೆನ್ನು ತಿರುಗಿಸಿದ ಮೇಲೂ ತಾತ ಅದನ್ನು ಬಹಳ ಹೊತ್ತು ಅಂಗೈಯಲ್ಲಿಟ್ಟುಕೊಂಡು ನೋಡಿದ. ಗುಂಡಿ ಕಿತ್ತದ್ದಕ್ಕೆ ಬೈಸಿಕೊಂಡವನ ಕೈಗೆ ಈಗ ಇಡೀ ಯಂತ್ರವೇ ಬಂದಿತ್ತು.

ಸಂಜೆ ಅತ್ತೆ ಫೋನು ನೋಡಿದಳು. ಇಪ್ಪತ್ತೇಳು! ಅವಳ ಕೋಣೆಯಲ್ಲಿ ಇಸ್ತ್ರಿ ಇಲ್ಲದೆ ಚಳಿ ಹೊಡೆಯುತ್ತಿತ್ತು. ಆದರೂ ಅವಳಿಗೆ ಸಮಾಧಾನವೇ. ಸ್ವೆಟರ್ ಹಾಕಿಕೊಳ್ಳುತ್ತಾ, "ಮುದುಕ ಬೆವೀಲಿ ಇವತ್ತು" ಎಂದಳು. ಹೋಗಿ ನೋಡಬಹುದಿತ್ತು. ಹೋದರೆ ಇಷ್ಟು ದಿನ ಯಾಕೆ ಬಿಸಿಯಾಗಲಿಲ್ಲ ಎಂದು ಅವನು ಕೇಳುತ್ತಾನಲ್ಲ, ಆ ಭಯಕ್ಕೆ ಹೋಗಲಿಲ್ಲ.

ಭಾನುವಾರ ಬೆಳಗ್ಗೆ ಚಿಕ್ಕತ್ತೆ ಬಂದಳು. ಶೂ ಬಿಚ್ಚಿ ನೆಲದ ಮೇಲೆ ಕಾಲಿಟ್ಟವಳು ಮತ್ತೆ ಶೂಗೇ ಕಾಲು ತೂರಿಸಿದಳು.

"ಏನಕ್ಕಾ ಇದು? ಮನೆ ಅಂತೀಯೋ, ಅಪ್ಪನ ಹಳೇ ಕೋಲ್ಡ್ ಸ್ಟೋರೇಜ್ ಅಂತೀಯೋ?"

"ಇಪ್ಪತ್ತೇಳಿದೆ" ಎಂದಳು ಅತ್ತೆ. ಅವಳ ಬಾಯಿಂದ ಸಂಖ್ಯೆಯ ಜೊತೆಗೆ ಹೊಗೆಯೂ ಬಂತು.

ತಾತ ಬ್ಯಾಗು ಹಿಡಿದುಕೊಂಡು ಬಂದ. ಕೋಟಿನ ಬಟನ್ನುಗಳನ್ನು ಕೊರಳವರೆಗೆ ಹಾಕಿದ್ದ. ಮುಖ ನೀಲಿಗಟ್ಟಿತ್ತು. ಅತ್ತೆ ಅವನನ್ನು ದಾಟಿ ಹಿಂದಿನ ಕೋಣೆಗೆ ಓಡಿದಳು. ಮೇಜಿನ ಮೇಲೆ ಡಬ್ಬಿ ಇಲ್ಲ. ಕಿಟಕಿಯ ಮೇಲೂ ಇಲ್ಲ.

"ಅಪ್ಪಾ, ಡಬ್ಬಿ ಎಲ್ಲಿ?"

ತಾತ ಕೋಟಿನ ಎದೆಯ ಭಾಗವನ್ನು ತಟ್ಟಿದ. ಒಳಜೇಬಿನಲ್ಲಿತ್ತು. "ನಿನ್ನೆಯಿಂದ ಇಲ್ಲೇ ಇದೆ. ಕೋಟು ಹಾಕ್ಕೊಂಡೇ ಮಲಗಿದ್ದೆ."

"ಅಪ್ಪಾ, ನಮ್ಮನೆಗೆ ಬರ್ತಾ ಅದನ್ನ ಯಾಕೆ ತರ್ತಿದೀಯ?" ಚಿಕ್ಕತ್ತೆಗೆ ಅರ್ಥವಾಗಲಿಲ್ಲ.

"ನನಗೆ ಅಂತ ಕೊಟ್ಟಿದಾಳೆ" ಎಂದ ತಾತ. "ಜೋಪಾನ ಮಾಡಬೇಡ್ವಾ?"

ಅತ್ತೆಗೆ ನಗು ಬಂತೋ ಅಳು ಬಂತೋ ಹೇಳುವುದು ಕಷ್ಟ. ಬಾಯಲ್ಲಿ ಸೂಜಿ ಇದ್ದದ್ದರಿಂದ ಎರಡೂ ಹೊರಗೆ ಬರಲಿಲ್ಲ. ಸೂಜಿಗಳನ್ನು ತೆಗೆದು ಅಂಗೈಯಲ್ಲಿ ಹಿಡಿದುಕೊಂಡಳು.

"ಕೋಳಿ ಮೊಟ್ಟೆಗೆ ಕಾವು ಕೊಟ್ಟ ಹಾಗೆ ಕೊಟ್ಟಿದೀಯಲ್ಲಪ್ಪಾ! ಅದು ತನ್ನ ಪಕ್ಕದಲ್ಲಿ ಏನಿದೆಯೋ ಅದರ ಬಿಸಿ ಮಾತ್ರ ಹೇಳುತ್ತೆ. ನಿನ್ನ ಎದೆ ಬಿಸಿ ನೋಡಿ ಮನೆಯೆಲ್ಲ ಹೀಗೇ ಇದೆ ಅಂದ್ಕೊಂಡು ಬಾಯ್ಲರ್ ಆರಿಸಿದೆ."

"ನಿನಗೆ ಹೇಗೆ ಗೊತ್ತಾಯ್ತು?"

ಅತ್ತೆ ಬಾಗಿಲು ನೋಡಿದಳು. ತಂಗಿಯನ್ನು ನೋಡಿದಳು. ತಂಗಿಯ ಕೈ ಆಗಲೇ ಬ್ಯಾಗಿನ ಹಿಡಿಯ ಮೇಲಿತ್ತು.

"ನನ್ನ ಹತ್ರ ಇದ್ದಾಗ ಇಸ್ತ್ರಿ ಪಕ್ಕ ಇತ್ತು."

"ಅಂದ್ರೆ?"

"ಅಂದ್ರೆ ಆ ಇಪ್ಪತ್ತಾರು ಇಸ್ತ್ರಿದು. ಮನೇದಲ್ಲ."

"ಅಂದ್ರೆ?"

"ಅಂದ್ರೆ ನಿನಗೆ ಚಳಿ ಆಗ್ತಿತ್ತು. ನೀನು ಹೇಳಿದ್ದು ನಿಜ. ಸಾಕಾ?"

ತಾತ ತಲೆ ಓರೆ ಮಾಡಿದ. "ಇನ್ನೊಂದ್ಸಲ ಹೇಳು. ಈ ಕಿವಿ ಸ್ವಲ್ಪ ಮಂದ."

"ನೀನು ಹೇಳಿದ್ದು ನಿಜ!" ಅತ್ತೆ ಕೂಗಿದ ರಭಸಕ್ಕೆ ಮಹಡಿಯ ಮೇಲಿನವರು ಕಿಟಕಿ ತೆಗೆದ ಸದ್ದು ಕೇಳಿಸಿತು. "ತಪ್ಪು ನನ್ನದು! ನೀನು ಹೋಗೋದು ಬೇಡ!"

ಕೊನೆಯ ಮಾತನ್ನು ಹೇಳು ಎಂದು ಯಾರೂ ಕೇಳಿರಲಿಲ್ಲ. ಅದಾಗಿಯೇ ಹೊರಗೆ ಬಂದಿತ್ತು.

ತಾತ ಬ್ಯಾಗನ್ನು ಕೆಳಗಿಟ್ಟ. ಕುರ್ಚಿಯ ಮೇಲೆ ಕೂತು ಕಿರಿಯ ಮಗಳ ಕಡೆ ತಿರುಗಿದ. "ನೀನು ಟೀ ಕುಡ್ಕೊಂಡು ಹೋಗಮ್ಮ. ನಿಮ್ಮ ಬಿಸಿ ನೆಲದ ಮೇಲೆ ಓಡಾಡೋದು ನನಗೆ ಆಗೋದಿಲ್ಲ. ಅಂಗಾಲು ಸುಡುತ್ತೆ."

"ನೀನು ಇನ್ನೂ ಬಂದೇ ಇಲ್ವಲ್ಲಪ್ಪಾ!"

"ಈಗಲೇ ಸುಡ್ತಿದೆ."

ಅಂದೇ ಅತ್ತೆ ಸೊಳ್ಳೆಪರದೆಯಂಥ ತೆಳು ಬಲೆಬಟ್ಟೆಯಲ್ಲಿ ಒಂದು ಚೀಲ ಹೊಲಿದು, ನಾಲ್ಕೂ ಅಂಚಿಗೆ ಇಸ್ತ್ರಿ ಹಾಕಿದಳು. ಅದನ್ನು ತಾತನ ಕೋಣೆಯ ಒಳಗೋಡೆಗೆ, ಕಿಟಕಿಗೂ ರೇಡಿಯೇಟರಿಗೂ ಮಂಚಕ್ಕೂ ದೂರವಾಗಿ, ಎದೆಮಟ್ಟಕ್ಕೆ ಮೊಳೆ ಹೊಡೆದು ನೇತುಹಾಕಿದಳು. ಡಬ್ಬಿ ಈಗ ಆ ಚೀಲದಲ್ಲಿದೆ. ಮಧ್ಯಾಹ್ನದ ಹೊತ್ತಿಗೆ, ರೇಡಿಯೇಟರಿನ ಪಕ್ಕಕ್ಕೆ ಸರಿಸಿಟ್ಟಿದ್ದ ಬಾಟಲಿಯ ಅಂಚಿನಲ್ಲಿ ಕೊಬ್ಬರಿ ಎಣ್ಣೆ ಕರಗಲು ಶುರುವಾಯಿತು. ತಾತ ಅದನ್ನು ತಂದು ಅತ್ತೆಗೆ ತೋರಿಸಿದ. ಅತ್ತೆ ನೋಡಿಯೂ ನೋಡದವಳ ಹಾಗಿದ್ದಳು. ಫೋನಿನಲ್ಲಿ ಮನೆಯ ಹೆಸರನ್ನು ಯಾವಾಗ ಬದಲಾಯಿಸಿದಳೋ ಗೊತ್ತಿಲ್ಲ. ಈಗ ಅಲ್ಲಿ 'ನಮ್ದು' ಎಂದಿದೆ.

ಹಾಗೆಂದು ಜಗಳ ನಿಂತಿಲ್ಲ, ಗೋಡೆಯಿಂದ ಗಾಳಿಗೆ ಬಂದಿದೆ. ಬೆಳಗ್ಗೆ ತಾತ ಎದ್ದು ಮೊದಲು ಮಾಡುವ ಕೆಲಸ ಚೀಲದ ಮೇಲಿನಿಂದಲೇ ಬಟನ್ ಒತ್ತಿ ಒಂದು ಡಿಗ್ರಿ ಏರಿಸುವುದು. ಅದು ಅತ್ತೆಯ ಫೋನಿನಲ್ಲಿ ಟಿಂಗ್ ಎನ್ನುತ್ತದೆ. ಅತ್ತೆ ಬಟ್ಟೆಯ ಮೇಲಿಂದ ಕಣ್ಣು ತೆಗೆಯದೆ, "ಎದ್ರು ಮಹಾರಾಜ್ರು" ಎನ್ನುತ್ತಾಳೆ. ಹೊಲಿಗೆಯ ಸಾಲು ಮುಗಿಸಿ, ಒಂದು ಬೆರಳಿನಿಂದ ಅರ್ಧ ಡಿಗ್ರಿ ಇಳಿಸುತ್ತಾಳೆ. ಹಿಂದಿನ ಕೋಣೆಯಿಂದ "ಲೇ ಸೂಜಿಬಾಯಿ!" ಎಂಬ ಕೂಗು ಬರುತ್ತದೆ.

ಮೊನ್ನೆ ಒಂದು ಬೆಳಗ್ಗೆ ಟಿಂಗ್ ಬರುವುದು ತಡವಾಯಿತು. ಅತ್ತೆ ಎರಡು ಸಲ ಫೋನು ನೋಡಿದಳು. ಮಶೀನು ನಿಲ್ಲಿಸಿದಳು. ಬಾಯಿಂದ ಸೂಜಿಗಳನ್ನು ತೆಗೆದು ಎದ್ದು ನಿಂತಳು. ಅಷ್ಟರಲ್ಲಿ ಟಿಂಗ್ ಎಂದಿತು. ಹಿಂದೆಯೇ ಇನ್ನೊಂದು. ಅದರ ಹಿಂದೆ ಮತ್ತೊಂದು.

"ಮೂರಾ!" ಎಂದು ಅತ್ತೆ ಅಲ್ಲಿಂದಲೇ ಕಿರುಚಿದಳು. "ಮೀನು ಹುರಿಯೋಕೆ ಹೊರಟಿದೀಯಾ?"

ಬೈದು ಮುಗಿಸಿ ಕೂತಳು. ಸೂಜಿಗಳನ್ನು ಮತ್ತೆ ಬಾಯಿಗಿಟ್ಟುಕೊಂಡಳು. ಆ ದಿನ ಮಾತ್ರ ಇಳಿಸಲಿಲ್ಲ.